ಅತ್ತೆಯ ಗಾಡಿಗೆ ಸೈಲೆನ್ಸರ್

ನಮ್ಮ ಸೋದರತ್ತೆ ಹರಿಹರದಲ್ಲಿ ಮೊಪೆಡ್ ಚಾಲೂ ಮಾಡಿದರೆ ದಾವಣಗೆರೆಯ ಸರಸ್ವತಿ ನಗರದಲ್ಲಿ ನನ್ನ ಹೆಂಡತಿ ಆಕೆ ತರುವ ಹಾಲಿಗೆ ಪಾತ್ರೆ ತೊಳೆಯಲು ಏಳುತ್ತಾಳೆ! ಸುಳ್ಳು ಅನ್ನುತ್ತೀರಾ? ಸ್ವಲ್ಪ ಸುಳ್ಳೇ. ಗಾಡಿ ಶಾಮನೂರಿನ ಹತ್ತಿರ ಬರುವವರೆಗೂ ಅವಳು ಏಳುವುದಿಲ್ಲ.

ಆ ಮೊಪೆಡ್ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು. ನಾನು ಸಣ್ಣವನಿದ್ದಾಗಲೇ ಅವ್ವ ತೀರಿಕೊಂಡಳು, ಅತ್ತೆ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋಗಿ ಸಾಕಿದಳು. ಆ ಕಾಲದಲ್ಲೇ ಆಕೆ ಗಾಡಿಯ ಸೈಲೆನ್ಸರ್ ಬಿಚ್ಚಿಸಿ, ಒಳಗೆ ಸದ್ದು ತಡೆಯುವ ತೂತಿನ ಕೊಳವೆಯನ್ನು ಕಿತ್ತೆಸೆದದ್ದು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಹೊಗಿ ಸಲೀಸಾಗಿ ಹೋದ್ರೆ ಗಾಡಿ ಜೋರ್ ಓಡ್ತೈತೆ!"

ಈ ಸಿದ್ಧಾಂತವನ್ನು ಪೂರಾ ನಂಬಿದ ಭೂಪ ಜಗತ್ತಿನಲ್ಲಿ ಒಬ್ಬನೇ, ಅದು ನಾನು. ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ನನ್ನ ಬೈಕಿಗೂ ಹಾಗೇ ಮಾಡಿಸಿದೆ. ಜನ ತಿರುಗಿ ತಿರುಗಿ ನೋಡಿದರು. ಮೆಚ್ಚುಗೆಯಿಂದ ಎಂದುಕೊಂಡೆ! ಅಷ್ಟರಲ್ಲಿ ಮಂಡಕ್ಕಿ ಚೀಲ ಹೇರಿದ ಲಗೇಜ್ ಆಟೋ ನನ್ನನ್ನು ಹಿಂದೆ ಹಾಕಿತು. ಆಟೋದವನು ತಲೆ ಹೊರಗೆ ಹಾಕಿ, "ಅಣ್ಣಾ, ಸದ್ದು ಬಂತು, ಗಾಡಿ ಹಿಂದ್ ಬರ್ತೈತೇನು?" ಎಂದ. ಆಗ ಪುಸ್ತಕ ತೆಗೆದು ಓದಿದೆ. ಪರೀಕ್ಷೆಗೂ ಅಷ್ಟು ಓದಿರಲಿಲ್ಲ. ಮೊಪೆಡ್ಡಿನಂಥ ಸಣ್ಣ ಎಂಜಿನ್ನಿಗೆ ಹೊಗೆಯ ದಾರಿಯಲ್ಲಿ ಹದವಾದ ತಡೆ ಬೇಕಂತೆ. ಇಲ್ಲದಿದ್ದರೆ ಹೊಸ ಪೆಟ್ರೋಲು ಸುಡುವ ಮೊದಲೇ ಹೊಗೆಯ ಜೊತೆ ಹೊರಗೆ ಹೋಗಿ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ. ಅದಕ್ಕೇ ಅತ್ತೆ ಫ್ಲೈಓವರ್ ಬಂದ ಕೂಡಲೇ ಇಳಿದು ಗಾಡಿಯನ್ನು ತಳ್ಳುತ್ತಿದ್ದಳು. "ವಾಕಿಂಗ್ ಆಗ್ತೈತೆ ಬಿಡೋ" ಎನ್ನುತ್ತಿದ್ದಳು.

ಮೊನ್ನೆ ಆ ಏರಿನಲ್ಲಿ ಆಕೆ ಏದುಸಿರು ಬಿಡುವುದನ್ನು ನೋಡಿ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಹಟ ಮಾಡಿ ಹೊಸ ಕೊಳವೆ ಹಾಕಿಸಿದೆ. ಗಾಡಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಏರು ಹತ್ತಿತು! ಓಣಿಯವರು ನನಗೆ ಕೈ ಮುಗಿಯುವುದೊಂದು ಬಾಕಿ. ಆ ವಾರವೆಲ್ಲ ನಾನು ಎದೆ ಉಬ್ಬಿಸಿ ಓಡಾಡಿದೆ. ಹೊಟ್ಟೆ ಮೊದಲೇ ಉಬ್ಬಿತ್ತು.

ವಾರ ಕಳೆಯುವಷ್ಟರಲ್ಲಿ ಅತ್ತೆಯ ಫೋನು. "ಲೇ ಇಂಜಿನಿಯರ್ರೇ, ಎಮ್ಮಿ ಹಾಲು ಕೊಡವಲ್ದು. ಬಾರೋ ಇಲ್ಲಿ!"

ಈ ಎಮ್ಮೆಯ ವಿಷಯ ಹೇಳಬೇಕು. ಅತ್ತೆಗೆ ಕಡರನಾಯಕನಹಳ್ಳಿಯಲ್ಲಿ ಹೊಲ, ಹೊಲದಲ್ಲಿ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಈ ಎಮ್ಮೆ. ಕರು ಸತ್ತಮೇಲೆ ಅದು ಯಾರನ್ನೂ ಕೆಚ್ಚಲ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಅತ್ತೆಯೊಬ್ಬಳನ್ನು ಬಿಟ್ಟು. ಈಗ ಆಕೆಯನ್ನೂ ಒದೆಯುತ್ತಿತ್ತು. ನಾನು ಹೋಗುವಷ್ಟರಲ್ಲಿ ಮಾವ ತೀರ್ಪು ಕೊಟ್ಟಾಗಿತ್ತು: "ಕೆಚ್ಚಲು ಬತ್ತಿಹೋಗೈತೆ. ನಾಳೆ ಸಂತಿಗೆ ಹೊಡ್ಕಂಡ್ ಹೋಗ್ತೀನಿ."

"ಕರು ಕಳ್ಕಂಡಿದ್ದನ್ನ ಮಾರಬ್ಯಾಡ್ರಿ" ಎಂದಳು ಅತ್ತೆ. ಯಾವತ್ತೂ ಗುಡುಗುವವಳ ದನಿ ಅವತ್ತು ಕೇಳಿಸಿಯೂ ಕೇಳಿಸದಷ್ಟು ಸಣ್ಣಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಮೊದ್ಲು ಗಾಡಿ ಸದ್ದು ಕೇಳ್ತಿದ್ದಂಗೇ ನಾ ಬರ್ತೀನಂತ ಅದಕ್ಕ ಗೊತ್ತಾಗೋದು. ಒಳಗ ಬರೋದ್ರಾಗ ಕೆಚ್ಚಲು ತುಂಬಿರೋದು. ನೀ ಹಾಕ್ಸಿದ್ದು ತೆಗಿ" ಎಂದಳು.

ಡಿಪ್ಲೊಮಾ ಓದಿದವನು ಒಂದು ಎಮ್ಮೆಯ ಮಾತು ಕೇಳಿ ಸೈಲೆನ್ಸರ್ ಬಿಚ್ಚುವುದೇ? ಬಿಚ್ಚಿದೆ. ಕೊಳವೆ ಹೊರಗೆ ತೆಗೆದು, ರಸ್ತೆಯ ತನಕ ಗಾಡಿಯನ್ನು ತಳ್ಳಿಕೊಂಡು ಹೋಗಿ, ಅಲ್ಲಿಂದ ಚಾಲೂ ಮಾಡಿಕೊಂಡು ಬಂದೆ. ಪಟಪಟಪಟ! ಎಮ್ಮೆ ಕಿವಿ ನಿಮಿರಿಸಿ, ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಅತ್ತೆಯ ಕಡೆ ಮೂತಿ ಚಾಚಿತು. ಆಕೆ ಕುಕ್ಕರಗಾಲಿನಲ್ಲಿ ಕೂತು ಕೈ ಹಾಕಿದ್ದೇ ತಡ, ಬಕೆಟ್ಟಿನಲ್ಲಿ ಹಾಲಿನ ಸದ್ದು. ಮಾವ ಸಂತೆಗೆಂದು ತೆಗೆದಿಟ್ಟ ಹಗ್ಗವನ್ನು ಸುತ್ತಿಟ್ಟರು.

"ಎಂಥಾ ಎಮ್ಮೆ ಅತ್ತೆ ಇದು!" ಎಂದು ನಾನು ನಕ್ಕೆ.

"ನಗಬ್ಯಾಡ. ನೀನೂ ಹಿಂಗೇ ಇದ್ದಿ" ಎಂದಳು, ಹಾಲು ಕರೆಯುತ್ತಲೇ. "ನಿಮ್ಮವ್ವ ಹೋದ ಮ್ಯಾಲೆ ಯಾರ್ ಕೊಟ್ರೂ ಉಣ್ತಿರಲಿಲ್ಲ. ಅತ್ತಿನೂ ಬರಲ್ಲ ಅಂತ ಬಾಗಿಲಾಗ ಕುಂತು ಅಳೋನು. ದೂರದಿಂದಾನೇ ಕೇಳ್ಲಿ, ಅಳೋದು ನಿಲ್ಸಲಿ ಅಂತ ಆ ಕೊಳವಿ ತೆಗೆಸಿದ್ದು. ಗಾಡಿ ಜೋರ್ ಓಡಾಕ ನಂಗೇನು ರೇಸ್ ಇತ್ತೇನೋ?"

ಆ ಬಾಗಿಲು, ಓಣಿಯ ತುದಿಯಿಂದ ಬರುವ ಆ ಪಟಪಟ, ಆಮೇಲೆ ಬಾಯಿಗೆ ಬರುವ ಬಿಸಿ ರೊಟ್ಟಿಯ ತುತ್ತು, ಎಲ್ಲ ಒಟ್ಟಿಗೇ ನೆನಪಾದವು. ಪುಸ್ತಕ ಓದಿದ ಮೇಲೆ ಇಷ್ಟು ವರ್ಷ ಆಕೆಯ ಸಿದ್ಧಾಂತಕ್ಕೆ ಊರೆಲ್ಲ ನಗುತ್ತಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಹೊಸ ಕೊಳವೆಯನ್ನು ತಿಪ್ಪೆಗೆ ಎಸೆದು ಬಂದೆ.

"ಅಲ್ಲೋ, ಮತ್ತೆ ಏರು ಹತ್ತಲ್ವಲ್ಲೋ ಗಾಡಿ?" ಎಂದಳು ಅತ್ತೆ.

"ಹತ್ತದಿದ್ರೆ ಬ್ಯಾಡ ಬಿಡತ್ತೆ" ಎಂದೆ. "ಸದ್ದು ಕೇಳ್ತಿದ್ದಂಗೇ ನಾನು ಬಂದು ತಳ್ತೀನಿ."