ಬೆಳ್ಳಗಿದ್ದ ಕಪ್ಪುಕುಳಿ

ಕಪ್ಪುಕುಳಿ ಬೆಳ್ಳಗಿದ್ದದ್ದೇ ಎಲ್ಲ ತಾಪತ್ರಯಕ್ಕೂ ಮೂಲವಾಯಿತು.

ಸೀತಾರಾಮ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಡ್ರಾಫ್ಟ್ಸ್‌ಮನ್. ವಿಜ್ಞಾನಿಗಳ ಲೇಖನಗಳಿಗೆ ಗೆರೆ, ವೃತ್ತ, ಬಾಣದ ಗುರುತು ಹಾಕಿಕೊಡುವುದು ಅವನ ಕೆಲಸ. ಮೈಸೂರಿನಿಂದ ಬಂದು, ಮಲಾಡಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹೆಂಡತಿ ವಿಮಲಾಳ ಜೊತೆ ಹದಿನಾಲ್ಕು ವರ್ಷ ಯಾರ ತಂಟೆಗೂ ಹೋಗದೆ ಬದುಕಿದ್ದ. ಎಂಬತ್ತಾರರ ಮಳೆಗಾಲ ಮುಗಿಯುತ್ತಿದ್ದಂತೆ ಪ್ರೊಫೆಸರ್ ಕೊರ್ಗಾಂವ್ಕರ್ ಅವನನ್ನು ಕರೆದು ಕಂಪ್ಯೂಟರ್ ಕಾಗದದ ಒಂದು ಕಟ್ಟು ಕೊಟ್ಟರು. ಅದರ ತುಂಬ ಬರೀ ಅಂಕಿ. ಬೆಳಕನ್ನೂ ನುಂಗುವ ಕಪ್ಪುಕುಳಿಯನ್ನು ಹತ್ತಿರದಿಂದ ನೋಡಿದರೆ ಸುತ್ತಮುತ್ತ ಎಲ್ಲೆಲ್ಲಿ ಎಷ್ಟೆಷ್ಟು ಬೆಳಕು ಕಂಡೀತು ಎಂದು ಕಂಪ್ಯೂಟರ್ ಲೆಕ್ಕ ಹಾಕಿತ್ತು. ಚಿತ್ರ ಬರೆಯಲು ಮಾತ್ರ ಅದಕ್ಕೆ ಬರುತ್ತಿರಲಿಲ್ಲ. ಅದು ಸೀತಾರಾಮನ ಪಾಲಿಗೆ ಬಂತು. ಹಾಳೆಯ ಮೇಲೆ ಪುಟ್ಟ ಪುಟ್ಟ ಚೌಕ ಹಾಕಿ, ಒಂಬತ್ತು ಇದ್ದಲ್ಲಿ ಒಂಬತ್ತು ಚುಕ್ಕಿ, ಎರಡಿದ್ದಲ್ಲಿ ಎರಡು, ಸೊನ್ನೆ ಇದ್ದಲ್ಲಿ ಖಾಲಿ. ಆಮೇಲೆ ಫೋಟೋ ತೆಗೆದು ನೆಗೆಟಿವ್ ಮಾಡಿದರೆ ಚುಕ್ಕಿಗಳು ಬೆಳಕಾಗುತ್ತವೆ, ಖಾಲಿ ಜಾಗ ಕತ್ತಲಾಗುತ್ತದೆ.

ಮೂರು ವಾರ, ದಿನಾ ಸಂಜೆ ಎರಡೆರಡು ಗಂಟೆ ಕೂತು ಚುಕ್ಕಿ ಇಟ್ಟ. ಭಾನುವಾರ ಸಂಜೆ ಆರಕ್ಕೆ ಚಿತ್ರ ವಿಲೆ ಪಾರ್ಲೆಯ ಪ್ರೊಫೆಸರರ ಮನೆ ಸೇರಬೇಕು. ಅವರು ಅಂದೇ ವಿದೇಶದ ಸಮ್ಮೇಳನಕ್ಕೆ ವಿಮಾನ ಹತ್ತಿ, ನೆಗೆಟಿವ್ ಅಲ್ಲೇ ಮಾಡಿಸಿಕೊಳ್ಳುವವರಿದ್ದರು. ಸೀತಾರಾಮನ ಬಡ್ತಿಯ ಕಾಗದಕ್ಕೆ ಸಹಿ ಹಾಕಬೇಕಾದವರೂ ಅವರೇ. ಭಾನುವಾರ ಬೆಳಿಗ್ಗೆ ಉಳಿದದ್ದು ಮೂಲೆಯ ಮೂವತ್ತು ಚುಕ್ಕಿ. ಸೀತಾರಾಮ ಚಿತ್ರವನ್ನು ಮೇಜಿನ ಮೇಲೇ ಬಿಟ್ಟು ನೆಮ್ಮದಿಯಿಂದ ಸ್ನಾನಕ್ಕೆ ಹೋದ.

ಆ ಹೊತ್ತಿಗೆ ಪಕ್ಕದ ಮನೆಯ ಚನ್ನಬಸಯ್ಯ ಪೇಪರ್ ಓದಲು ಬಂದರು. ಧಾರವಾಡದ ಕಡೆಯವರು, ರೈಲ್ವೆಯಿಂದ ನಿವೃತ್ತರಾದವರು. ಕಟ್ಟಡದಲ್ಲಿ ಯಾರಿಗೆ ಏನು ಕೆಲಸವಿದ್ದರೂ ಕರೆಯದೆಯೇ ಕೈಹಚ್ಚುವ ಜೀವ. ಸೀತಾರಾಮ ಟವೆಲ್ ಸುತ್ತಿಕೊಂಡು ಹೊರಬಂದಾಗ ಅವರು ಬ್ರಷ್ಷು ತೊಳೆದಿಡುತ್ತಿದ್ದರು.

"ಬ್ಲ್ಯಾಕ್ ಹೋಲ್ ಅಂತ ನಿನ್ನೆ ನೀವಽ ಹೇಳಿದ್ರಿ ರಾಯರ. ನೋಡಿದ್ರ ನಡುವ ಬೆಳ್ಳಗ ಬಿಟ್ಟೀರಿ. ಮರತಿರಬೇಕು ಅಂತ ನಾನಽ ತುಂಬೀನಿ. ಅಂಚು ಎಲ್ಲೂ ದಾಟಿಲ್ಲ, ನೋಡ್ರಿ."

ನಿಜ, ಅಂಚು ಎಲ್ಲೂ ದಾಟಿರಲಿಲ್ಲ. ಇನ್ನು ನೆಗೆಟಿವ್ ಮಾಡಿದರೆ ಆ ಕಪ್ಪುಕುಳಿ ಟ್ಯೂಬ್‌ಲೈಟಿನಂತೆ ಹೊಳೆಯುತ್ತಿತ್ತು. ಸೀತಾರಾಮ ಟವೆಲಿನಲ್ಲೇ ಕುರ್ಚಿಗೆ ಕುಸಿದ.

ಮೇಲೊಂದು ಬಿಳಿ ಕಾಗದ ಕತ್ತರಿಸಿ ಅಂಟಿಸಿದರೆ ಆಯಿತಲ್ಲ ಎಂದು ವಿಮಲಾ ಸಮಾಧಾನ ಹೇಳಿದಳು. ಮಾತು ಸರಿಯಾಗಿಯೇ ಇತ್ತು. ಆದರೆ ವಿಷಯ ತಿಳಿದ ಚನ್ನಬಸಯ್ಯನವರಿಗೆ ಬಹಳ ನೋವಾಗಿ, ಅಂಟಿಸುವವರಿಗೆ ಬೆಳಕಾದರೂ ಇರಲಿ ಎಂದು ಮೇಜನ್ನು ಕಿಟಕಿಯತ್ತ ಎಳೆದರು. ಮೇಜಿನ ಕಾಲು ನೆಲದಿಂದ ಎದ್ದಿದ್ದ ಹಾಸುಗಲ್ಲಿಗೆ ತಾಗಿತು. ಶಾಯಿ ಬಾಟಲಿ ಮಗುಚಿತು. ಮೂರು ವಾರದ ಬ್ರಹ್ಮಾಂಡವೆಲ್ಲ ಅರ್ಧ ನಿಮಿಷದಲ್ಲಿ ಕಪ್ಪಾಯಿತು.

ಚನ್ನಬಸಯ್ಯ ಹೊರಗೆ ಹೋಗಿ ಕಟ್ಟಡದ ಒಂದೊಂದೇ ಮನೆಯ ಬೆಲ್ ಒತ್ತಿದರು.

ಹನ್ನೊಂದಕ್ಕೆ ಸೀತಾರಾಮನ ಮನೆಯ ಹಾಲ್‌ನಲ್ಲಿ ಹದಿನಾರು ಜನ. ಅವನು ಹೊಸ ಹಾಳೆಗೆ ಚೌಕ ಹಾಕಿ ಎಂಟು ಪಟ್ಟಿಗಳಾಗಿ ಕತ್ತರಿಸಿದ. ಪಟ್ಟಿಗೊಬ್ಬರು ಅಂಕಿ ಕೂಗುವವರು, ಒಬ್ಬರು ಶಾಯಿಯಲ್ಲಿ ಅದ್ದಿದ ಸೂಜಿಯಿಂದ ಚುಕ್ಕಿ ಇಡುವವರು. ಮೊದಲು ಗಂಡಸರು ಇಟ್ಟ ಚುಕ್ಕಿಗಳು ಸೊಳ್ಳೆ ಹೊಡೆದ ಗುರುತಿನ ಹಾಗಿದ್ದವು. ಚನ್ನಬಸಯ್ಯನವರ ಹೆಂಡತಿ ಕಾಶವ್ವ ಅದನ್ನು ನೋಡಿ, ನಲವತ್ತು ವರ್ಷ ಬಾಗಿಲಿಗೆ ರಂಗೋಲಿ ಹಾಕಿದವರು ಇಲ್ಲಿ ಕೂತಿರುವಾಗ ನಿಮಗ್ಯಾಕೆ ಈ ಉಸಾಬರಿ ಎಂದು ಸೂಜಿ ಕಸಿದುಕೊಂಡರು. ಸೂಜಿಯ ಹಿಂತುದಿಯನ್ನು ಶಾಯಿಗೆ ಅದ್ದಿ ಹೆಂಗಸರು ಚುಕ್ಕಿ ಇಟ್ಟರು. ಗಂಡಸರು ಹೌಸಿ ಆಟದಲ್ಲಿ ಚೀಟಿಯ ನಂಬರು ಕೂಗುವಂತೆ ಅಂಕಿ ಕೂಗಿದರು. ಕಟ್ಟಡದ ಕೆಳಗಿನ ಉಡುಪಿ ಹೋಟೆಲಿನ ಮಾಣಿ ಐತ, ಅಡುಗೆಮನೆಗೆ ಆರ್ಡರ್ ಕೊಡುವ ರಾಗದಲ್ಲೇ "ಮೂರು, ನಾಲ್ಕು, ಮತ್ತೊಂದು ನಾಲ್ಕು" ಎನ್ನುತ್ತಿದ್ದ.

ಚುಕ್ಕಿ ಇಡುತ್ತಲೇ ಕಾಶವ್ವ ಕೇಳಿದರು: "ಕಾಣೂದಽ ಇಲ್ಲಂದ್ರ, ಅದು ಐತಿ ಅಂತ ಹೆಂಗ ಗೊತ್ತಾತು?"

ಸೀತಾರಾಮ ಆಫೀಸಿನಲ್ಲಿ ಕೇಳಿದ್ದನ್ನು ಹೇಳಿದ. ಹಂಸ ನಕ್ಷತ್ರಪುಂಜದಲ್ಲಿ ಒಂದು ದೈತ್ಯ ನಕ್ಷತ್ರವಿದೆ, ಅದು ಆರು ದಿನದೊಳಗೆ ಒಂದು ಸುತ್ತು ಬರುತ್ತದೆ. ಯಾವುದರ ಸುತ್ತ ಎಂದು ನೋಡಿದರೆ ಅಲ್ಲೇನೂ ಕಾಣುವುದಿಲ್ಲ. ಅದು ಸುತ್ತುವ ವೇಗದಿಂದಲೇ ಒಳಗಿರುವುದರ ತೂಕ ಅಂದಾಜಾಗುತ್ತದೆ. ನಕ್ಷತ್ರದ ಅನಿಲವೂ ಅತ್ತ ಸೆಳೆದುಹೋಗಿ, ಬೀಳುವ ಮುಂಚೆ ಗಿರಗಿರ ತಿರುಗಿ ಕಾದು, ಎಕ್ಸ್-ರೇ ಚೆಲ್ಲುತ್ತದೆ. ಗಾಳಿ ಆ ಕಿರಣಗಳನ್ನು ಕೆಳಗೆ ಬಿಡುವುದಿಲ್ಲವಾದ್ದರಿಂದ ಉಪಗ್ರಹ ಕಳಿಸಿ ಮೇಲೇ ಹಿಡಿಯುತ್ತಾರೆ.

"ತಿಳೀತು ಬಿಡ್ರಿ. ನಮ್ಮ ಬಿಲ್ಡಿಂಗ್ ಸೊಸೈಟಿ ಚೇರ್ಮನ್ ಇದ್ದಂಗ," ಎಂದರು ಕಾಶವ್ವ. "ಯಾರ ಕಣ್ಣಿಗೂ ಬೀಳಂಗಿಲ್ಲ, ಎಲ್ಲಾರೂ ಅವನ ಸುತ್ತಽ ತಿರುಗತಾರ."

ವಿಮಲಾ ಎರಡು ಸಲ ಉಪ್ಪಿಟ್ಟು ಮಾಡಿದಳು. ನಗು, ಹರಟೆ, ನಡುನಡುವೆ ಅಂಕಿ. ಸೀತಾರಾಮನಿಗೆ ಮಾತ್ರ ತನ್ನ ಪಟ್ಟಿ ಬಿಟ್ಟು ಬೇರೇನೂ ಕೇಳಿಸಲಿಲ್ಲ. ನಾಲ್ಕಕ್ಕೆ ಪಟ್ಟಿಗಳನ್ನು ಜೋಡಿಸಿ ಅಂಟಿಸಿದಾಗ ಎಲ್ಲರೂ ಮೇಜಿನ ಸುತ್ತ ಬಗ್ಗಿದರು. ನಡುವೆ ಬೆಳ್ಳನೆಯ ಗುಂಡು, ಸುತ್ತ ಚುಕ್ಕಿಗಳ ಸುಳಿ. ಕುಳಿಯ ಹಿಂದಿನ ಬೆಳಕು ಬಾಗಿ ಬಂದು ಮೇಲೆ ಟೋಪಿಯಂತೆ ಕೂತಿತ್ತು. ಸೀತಾರಾಮನ ಕಣ್ಣು ಒದ್ದೆಯಾಯಿತು. ಅವನೊಬ್ಬನೇ ಇಟ್ಟದ್ದಕ್ಕಿಂತ ಇದು ಚೆನ್ನಾಗಿತ್ತು.

ಜೊತೆಗೆ ಬರುವುದು ಬೇಡವೆಂದರೂ ಚನ್ನಬಸಯ್ಯ ಲೋಕಲ್ ರೈಲು ಹತ್ತಿದರು. ಪಾರ್ಲೆಯಲ್ಲಿ ಪ್ರೊಫೆಸರರು ಚಿತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಮ್ಮತ್ತ ನುಗ್ಗಿಬರುವ ಅನಿಲ ಹೆಚ್ಚು ಬೆಳಗಬೇಕು, ಎಡಗಡೆ ದಟ್ಟವಾಗಿರುವುದು ಸರಿಯಾಗಿದೆ ಎಂದರು. ಮೂರು ವಾರ ಇಷ್ಟು ಕಷ್ಟಪಟ್ಟೆಯಲ್ಲ ಎಂದು ಸೀತಾರಾಮನ ಬೆನ್ನು ತಟ್ಟಿದರು. ಸೀತಾರಾಮ ವಿನಯದಿಂದ ತಲೆ ತಗ್ಗಿಸಿದ.

"ಕಾಹೇ ಕಾ ತೀನ್ ಹಫ್ತಾ, ಸಾಬ್," ಎಂದರು ಚನ್ನಬಸಯ್ಯ. "ಏಕ್ ದಿನ್ ಮೇ ಖತಮ್ ಕಿಯಾ. ಸುಬಹ್ ಗ್ಯಾರಾ ಸೆ ಶಾಮ್ ಚಾರ್." ಮೂರು ವಾರವೆಲ್ಲಿಯದು, ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರೊಳಗೆ ಒಂದೇ ದಿನದಲ್ಲಿ ಮುಗಿಸಿದೆವು ಎಂದು ಅವರಿಗೆ ಹೆಮ್ಮೆ.

ಪ್ರೊಫೆಸರರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿ ಒಳಗೆ ಹೋದರು. ಬರುವಾಗ ಎರಡೂ ಕೈಯಲ್ಲಿ ಅಂಕಿ ತುಂಬಿದ ಕಾಗದದ ಗಂಟು. ಈ ಚಿತ್ರ ಕಪ್ಪುಕುಳಿಯನ್ನು ಹತ್ತು ಡಿಗ್ರಿ ಮೇಲಿನಿಂದ ನೋಡಿದ್ದು. ಇಪ್ಪತ್ತು, ಮೂವತ್ತು, ಹೀಗೆ ತೊಂಬತ್ತರವರೆಗೆ ಇನ್ನೂ ಎಂಟು ನೋಟ ಬೇಕಾಗಿತ್ತಂತೆ. ಒಂದಕ್ಕೇ ಮೂರು ವಾರ ಹಿಡಿಯುವಾಗ ಕೇಳುವುದು ಹೇಗೆ ಎಂದು ಸಂಕೋಚಪಟ್ಟಿದ್ದರಂತೆ. ಹದಿನೈದು ದಿನ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ಮುಗಿದರೆ ಬಡ್ತಿಯ ಕಾಗದ ನೋಡೋಣ ಎಂದರು. ಸೀತಾರಾಮ ಬಾಯಿ ತೆರೆಯುವ ಮೊದಲೇ ಚನ್ನಬಸಯ್ಯ, "ಜರೂರ್, ಸಾಬ್" ಎಂದು ಒಪ್ಪಿಕೊಂಡುಬಿಟ್ಟರು.

ವಾಪಸು ಹೋಗುವ ಲೋಕಲ್‌ನಲ್ಲಿ ಸೀತಾರಾಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಹಾಕಿದ. ಹದಿನಾರು ಜನ, ದಿನಾ ಸಂಜೆ ಒಂದಿಷ್ಟು ಹೊತ್ತು ಕೂತರೆ ಆದೀತು. ನಾಳೆಯಿಂದಲೇ ಶುರು ಮಾಡೋಣವೇ ಎಂದು ಕೇಳಿದ.

"ನಾಳೆಯಿಂದ ನಾವ್ಯಾರೂ ಇರಂಗಿಲ್ಲಲ್ಲ ರಾಯರ," ಎಂದರು ಚನ್ನಬಸಯ್ಯ. "ಇಷ್ಟು ವರ್ಷ ಒಂದಽ ಬಿಲ್ಡಿಂಗಿನಾಗಿದ್ದೂ ಎಲ್ಲಾರೂ ಹಿಂಗ ಕೂಡಿದ್ದಽ ಇಲ್ಲ ನೋಡ್ರಿ. ಚುಕ್ಕಿ ಇಡಕೋತನಽ ಯಾತ್ರಾದ ಮಾತು ಬಂತು. ಐತನ ಮಾಲಕರ ಬಸ್ಸು ಖಾಲಿ ಐತಂತ. ಪಂಢರಪುರ, ಕೊಲ್ಲಾಪುರ, ಉಡುಪಿ, ಎಲ್ಲಾ ಸೇರಿ ಹದಿನೈದು ದಿವಸ. ಮುಂಜಾನೆ ಐದಕ್ಕ ಹೊರಡತೇವಿ."

ಸೀತಾರಾಮ ಗಂಟನ್ನು ಎದೆಗೊತ್ತಿಕೊಂಡ. "ಎಲ್ಲರೂನಾ?"

"ಎಲ್ಲಾರೂ. ನಿಮ್ಮ ಮನಿಯವರು, ವಿಮಲಾ ಅವರ ಹೆಸರಽ ಮೊದಲು ಬರದದ್ದು. ನಿಮ್ಮದಷ್ಟಽ ಬಿಟ್ಟೀವಿ, ನಿಮಗ ಆಫೀಸಿನ ಕೆಲಸ ಇರತದಲ್ಲ ಅಂತ ಅವರಽ ಹೇಳಿದ್ರು."