ಭತ್ತದ ಟಾನಿಕ್ಕೂ ನಮ್ಮ ಮನೆಯ ಬೆಕ್ಕೂ

ಬೆಳೆಗೂ ಟಾನಿಕ್ ಉಂಟೆಂದು ನನಗೆ ಮೊದಲು ಹೇಳಿದವರು ಪಾಳಾ ಊರಿನ ನಮ್ಮ ಬೀಗರು. ಹೊಲಕ್ಕೆ ಹೊಸದೇನು ಬಂದರೂ ಅದರ ಬೆನ್ನಿಗೇ ಒಂದು ನಗುವೂ ಬರುತ್ತದೆ. ದೇವರು ಹಾಗೆಯೇ ಇಟ್ಟಿದ್ದಾನೆ.

ಹಸಿವಿನ ಬಾಟ್ಲಿ

ಬೀಗರು ಸಮುದ್ರದ ಪಾಚಿಯ ರಸ ತಂದಿದ್ದರು. "ಇದು ಗೊಬ್ಬರನೋ, ಔಷಧನೋ?" ಎಂದು ಅವರ ತಾಯಿ ಕೇಳಿದರಂತೆ.

"ಎರಡೂ ಅಲ್ಲಬೇ. ಬೇರಿನ ಹಸಿವು ಹೆಚ್ಚಸ್ತೈತಿ. ಮಣ್ಣಾಗ ಇದ್ದದ್ದನ್ನ ಬೆಳಿ ತಾನ ಉಣ್ಣತೈತಿ."

"ಹಂಗಾರ ಅಳಿಯನ ಕೈಗೆ ಸಿಗದಂಗ ಇಡಪಾ!"

ಆ ಅಳಿಯ ನನ್ನ ಮಗ. ನಮ್ಮ ಅನ್ನದ ಪಾತ್ರೆಗೆ ಸತ್ಯ ಗೊತ್ತು.

ಮೀನು ಉಂಡ ಭತ್ತ

ಬೀಗರ ಬೆಳೆ ಕಂಡು ನನಗೂ ಆಸೆಯಾಯಿತು. ನಮ್ಮ ಹಳ್ಳಿ ಇಂದೂರಿನಲ್ಲಿ ಕುಂಬಾರವಾಡದ ಕಡೆಯಿಂದ ಬಂದು ನೆಲೆಸಿದ ಅಕ್ಕನೊಬ್ಬರಿದ್ದಾರೆ. ಅವರೂ ಅವರ ಸಂಘದ ಹೆಂಗಸರೂ ಕೈಯಿಂದ ರೊಕ್ಕ ಹಾಕಿ ಡ್ರಮ್ ತಂದು, ಮೀನು, ಬೆಲ್ಲ ಕೊಳೆಹಾಕಿ ಟಾನಿಕ್ ಮಾಡುತ್ತಾರೆ. ಅಂಥ ಧೈರ್ಯ ನಮ್ಮ ಗಂಡಸರಲ್ಲಿ ನಾನು ಕಂಡಿಲ್ಲ. ಒಂದು ಕ್ಯಾನ್ ತಂದೆ.

ನಮ್ಮದು ಮೀನು ಮುಟ್ಟದ ಮನೆ. ಹೆಂಡತಿ ಬಾಗಿಲಲ್ಲೇ ತಡೆದಳು.

"ಮೀನು ಉಂಡ ಭತ್ತ ದೇವರ ಎಡಿಗೆ ಇಡಾಂಗಿಲ್ಲ ನೋಡ್ರಿ."

ಹೊಸ ಅಕ್ಕಿಯ ಮೊದಲ ಅನ್ನ, ಅದೂ ಸ್ವಂತ ಹೊಲದ್ದೇ, ದೇವರಿಗೆ ಸಲ್ಲಬೇಕು. ಅಪ್ಪನ ಕಾಲದಿಂದ ತಪ್ಪಿಲ್ಲ. ಇರುವುದು ಅದೊಂದೇ ಹೊಲ.

"ಕ್ಯಾನ್ ಏನು ಮಾಡ್ಲಿ?"

"ಮನಿ ಹೊರಗ ಇಡ್ರಿ. ನೀವೂ ಅಲ್ಲೇ ಇರ್ರಿ."

ಮೆರವಣಿಗೆ

ದೇವರ ಮೇಲೆ ಭಾರ ಹಾಕಿ ಸಿಂಪಡಿಸಲು ಹೊರಟೆ. ವಾಸನೆಗೆ ಊರ ಬೆಕ್ಕುಗಳೆಲ್ಲ ಬೆನ್ನು ಹತ್ತಿದವು. ಎಲ್ಲಕ್ಕೂ ಮುಂದೆ ನಮ್ಮ ಮನೆಯದೇ. ಅಕ್ಕ ಕೂಗಿದರು: "ಅಣ್ಣಾರ, ವಾಲಗದವರಿಗೆ ಹೇಳೂದು ಮರತ್ರೇನು?"

ಬೆಕ್ಕುಗಳಿಗೆ ಮೀನು ಸಿಗಲಿಲ್ಲ, ಬದುವಿನ ಇಲಿಗಳು ಸಿಕ್ಕವು. ಟಾನಿಕ್ಕಿಗೆ ಆ ಗುಣವೂ ಇದೆಯೆಂದು ಅಕ್ಕನಿಗೇ ಗೊತ್ತಿರಲಿಲ್ಲ.

ತೀರ್ಪು

ತೆನೆಗಳು ಬಾಗಿ ನಿಂತವು. ಹೊಸ ಅಕ್ಕಿ ಮನೆಗೆ ಬಂತು. ಹೆಂಡತಿ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಎಲೆಯ ಮೇಲೆ ಹಾಕಿ, ಬೆಕ್ಕನ್ನು ಕರೆದಳು. ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ.

ಬೆಕ್ಕು ಮೂಸಿತು. ಮತ್ತೊಮ್ಮೆ ಮೂಸಿತು. ಮುಖ ತಿರುವಿ, ಬಾಲ ಎತ್ತಿ ಹೊರಟೇಹೋಯಿತು.

"ಮೀನಿನ ಅಂಶ ಇದ್ದಿದ್ರ ಇದು ಬಿಡತಿತ್ತೇನ್ರಿ?" ಎಂದವಳೇ ಸ್ನಾನ ಮಾಡಿ ಬಂದು, ದೇವರ ಪಾತ್ರೆಯನ್ನು ಒಲೆಗೇರಿಸಿದಳು. ಯಾವ ಪಂಡಿತರಿಗೂ ಹೊಳೆಯದ ಉಪಾಯ!

ಆ ದಿನ ಅಕ್ಕನನ್ನೂ ಊಟಕ್ಕೆ ಕರೆದಿದ್ದೆವು. ಎಲೆಯ ಮುಂದೆ ಕೂತು ಎಲ್ಲ ಕೇಳಿದ ಅವರು ತುತ್ತನ್ನು ಅರ್ಧದಲ್ಲೇ ನಿಲ್ಲಿಸಿದರು.

"ಏನ್ ವೈನಿ, ಬೆಕ್ಕು ಒಲ್ಲೆ ಅಂದದ್ದನ್ನ ನನಗ ಬಡಸೀರಿ?"

ನೀವೂ ನಾಲ್ಕು ಮಂದಿಗೆ ಇದನ್ನು ಹೇಳಿರಿ. ಹೇಳುವಾಗ ನನ್ನನ್ನು ಬಿಟ್ಟರೂ ಚಿಂತೆಯಿಲ್ಲ, ಬೆಕ್ಕನ್ನು ಬಿಡಬೇಡಿ.