ಕಂಪ್ಯೂಟರಿನ ಹೊಟ್ಟೆಯೊಳಗೆ ಅಕ್ಕನ ಪುಸ್ತಕ

ಟ್ಯಾಂ… ಟಟ ಟ್ಯಾಂ… ಟ್ಯಾಂ! ಹಳೇ ವಿಂಡೋಸ್ ಎಚ್ಚರವಾಗುವಾಗ ಹೊರಡಿಸುತ್ತಿದ್ದ ಆ ರಾಗ ಈಗಲೂ ನನ್ನ ಕಿವಿಯಲ್ಲಿದೆ. ಆ ವರ್ಷ ಅದು ನಮ್ಮ ಹೊಸ ಲ್ಯಾಪ್‌ಟಾಪಿನ ಒಳಗಿನಿಂದ ಕೇಳಿಸುತ್ತಿತ್ತು, ಬಾವಿಗೆ ಬಿದ್ದವರು ಹಾಡಿದ ಹಾಗೆ. ಕೇಳಿದಾಗಲೆಲ್ಲ ನನಗೆ ಎಂಥ ಹೆಮ್ಮೆ! ಇಡೀ ತುಮಕೂರಿನಲ್ಲಿ ಎಪ್ಪತ್ತಾರು ವರ್ಷದ ಇನ್ಯಾವ ಹೆಂಗಸಿನ ಹತ್ತಿರ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇತ್ತು, ಹೇಳಿ?

ಇಷ್ಟಕ್ಕೆಲ್ಲ ಕಾರಣ ನಮ್ಮಕ್ಕ. ಗುಬ್ಬಿಯಲ್ಲಿ ನಮ್ಮಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಎಮ್ಮೆ ನೋಡಿಕೊಳ್ಳೋಕೆ ಒಬ್ಬಳು ಬೇಕಲ್ಲ? ಅಕ್ಕನಿಗೆ ಎಮ್ಮೆ, ನನಗೆ ತುಮಕೂರಿನ ಕಾನ್ವೆಂಟು. ವೆರಿ ಫೇರ್! ನಾನು ಎಲೊಕ್ಯೂಶನ್ನಿನಲ್ಲಿ ಕಪ್ ಗೆದ್ದು ತಂದರೆ ಅಕ್ಕ ಅದರಲ್ಲಿ ಹಾಲು ಅಳೆದಳು.

ಆಮೇಲೆ ಅವಳನ್ನು ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರದ ಹಳ್ಳಿಗೆ ಕೊಟ್ಟರು. ಜೀವಮಾನದಲ್ಲಿ ನನ್ನನ್ನು ಏನೂ ಕೇಳದವಳು ಎಂಬತ್ತೆರಡನೇ ವಯಸ್ಸಿನಲ್ಲಿ ಒಂದೇ ಒಂದು ಕೇಳಿದಳು.

“ಸಾವಿತ್ರಿ, ನನ್ ಬದುಕು ನಾನ್ ಹೇಳ್ತೀನಿ, ನೀನ್ ಬರ್ಕೋ. ಆಮೇಲೆ ನೀನ್ ಓದ್ಬೇಕು, ನಾನ್ ಕೇಳ್ಬೇಕು. ಅಷ್ಟೇ ಕಣೇ.”

“ಅದಕ್ಕೇನು, ಒಂದು ನೋಟ್‌ಬುಕ್ಕು ಒಂದು ಪೆನ್ನು ತಗೊಂಡು ಹೋಗು,” ಅಂದರು ನಮ್ಮ ಯಜಮಾನರು.

“ರೀ, ಪ್ರಾಪರ್ ಆಗಿ ಪ್ರಿಂಟ್ ಆಗ್ಬೇಕು! ಟೈಪ್ ಮಾಡ್ತೀನಿ.”

ನಾನು ಕನ್ನಡ ಟೈಪಿಂಗ್ ಕಲಿತದ್ದು ಓಬೀರಾಯನ ಕಾಲದ ಒಂದು ಸಾಫ್ಟ್‌ವೇರಿನಲ್ಲಿ. ಹೊಸ ಲ್ಯಾಪ್‌ಟಾಪು ಅದನ್ನು ಹೊಸಿಲು ದಾಟಲು ಬಿಡಲಿಲ್ಲ. ಆಗ ನೆರವಿಗೆ ಬಂದವರು ಪಕ್ಕದ ಮನೆ ರುದ್ರಪ್ಪನವರು, ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಂಡು ರಿಟೈರ್ ಆದವರು.

“ಹೊಸದರೊಳಗೇ ಹಳೇ ವಿಂಡೋಸ್ ಕೂರಿಸಿದ್ರಾಯ್ತು ಮೇಡಂ. ವರ್ಚುವಲ್ ಮಷೀನ್ ಅಂತಾರೆ. ಫ್ಯಾಕ್ಟ್ರೀಲಿ ನಾವು ಹಿಂಗೇ ಓಡಿಸ್ತಿದ್ವಿ.” ಕೂರಿಸಿಯೂ ಬಿಟ್ಟರು. “ಇದು ಸ್ನ್ಯಾಪ್‌ಶಾಟ್. ಇವತ್ತಿನ ಫೋಟೋ ಇದ್ದಂಗೆ. ಏನೇ ಕೆಟ್ಟೋದ್ರೂ ಇದನ್ನ ರೀಸ್ಟೋರ್ ಮಾಡಿದ್ರೆ ಒಳಗಿನ ಮಷೀನು ಇವತ್ತು ಹೆಂಗಿದ್ಯೋ ಹಂಗಾಗತ್ತೆ. ಮುಚ್ಚೋವಾಗ ಮಾತ್ರ ‘ಸೇವ್’ ಅನ್ನೋದನ್ನೇ ಒತ್ತಿ.”

“ಐ ನೋ, ಐ ನೋ,” ಅಂದೆ. ಏನೂ ನೋ ಇರಲಿಲ್ಲ!

ಮೊದಲನೇ ದಿನವೇ ಮೌಸಿನ ಬಾಣ ಒಳಗಿನ ಕಂಪ್ಯೂಟರಿಗೆ ಹೋದದ್ದು ಹೊರಗೆ ಬರಲೊಲ್ಲದು. ಎರಡು ಸ್ಟಾರ್ಟ್ ಬಟನ್ನು, ಎರಡು ಕಸದ ಬುಟ್ಟಿ. ಒಳಗಿನದನ್ನು ಆರಿಸಲು ಹೋಗಿ ಹೊರಗಿನದನ್ನು ಆರಿಸಿದೆ. ಒಳಗೆ ಇಟ್ಟ ಫೈಲನ್ನು ಹೊರಗೆಲ್ಲ ಹುಡುಕಿ, ಯಜಮಾನರೇ ಅಳಿಸಿದರೆಂದು ಅವರ ಮೇಲೆ ಹಾರಾಡಿದೆ.

“ಕೋಣೆಯೊಳಗೆ ಕೋಣೆ ಕಟ್ಟಿ ಒಳಗಿಂದ ಚಿಲಕ ಹಾಕ್ಕೊಂಡಿದೀಯ. ಇನ್ನು ಕಿಟಕೀಲಿ ಊಟ ಕೊಡ್ಬೇಕಷ್ಟೇ!” ಅಂದರು ಅವರು.

ಆದರೂ ಐದು ಭಾನುವಾರ ಲ್ಯಾಪ್‌ಟಾಪ್ ಹೊತ್ತು ಬಸ್ಸು ಹತ್ತಿದೆ. ಅಕ್ಕ ಜಗಲಿಯ ಮೇಲೆ ಕೂತು ಹೇಳುವಳು, ನಾನು ಕುಟ್ಟುವೆ. ಅವಳ ಮೊದಲನೇ ವಾಕ್ಯ: “ನಾನು ಎಮ್ಮೆ ಬೆನ್ ಮ್ಯಾಲೆ ಕುಂತ್ಕಂಡು, ಇವಳು ಇಸ್ಕೂಲ್‌ಗೆ ಹೋಗೋದ್ ನೋಡ್ತಿದ್ದೆ.” ನನ್ನ ಬೆರಳು ನಿಂತಿತು. “ಬರ್ಕೋ, ಬರ್ಕೋ,” ಅಂದಳು.

ಐದನೇ ಭಾನುವಾರ ಪುಸ್ತಕ ಮುಗಿಯಿತು. ಮನೆಗೆ ಬಂದು, ಇಷ್ಟು ದುಡಿದ ಒಳಗಿನ ಕಂಪ್ಯೂಟರಿಗೆ ಮರ್ಯಾದೆಯಾಗಿ ವಿಶ್ರಾಂತಿ ಕೊಡಬೇಕೆನಿಸಿತು. ಸೇವ್ ಬಿಟ್ಟು ‘ಪವರ್ ಆಫ್’ ಆಯ್ದುಕೊಂಡೆ. ಅದರ ಕೆಳಗೆ ಸ್ನ್ಯಾಪ್‌ಶಾಟ್ ರೀಸ್ಟೋರ್ ಅಂತ ಒಂದು ಪುಟ್ಟ ಚೌಕ, ಖಾಲಿ. ಖಾಲಿ ಚೌಕ ಬಿಟ್ಟರೆ ನಮ್ಮ ಕಾನ್ವೆಂಟಿನ ಸಿಸ್ಟರ್ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ನೀಟಾಗಿ ಟಿಕ್ ಹಾಕಿದೆ.

ಮರುದಿನ ತೆರೆದರೆ ಒಳಗಿನ ಕಂಪ್ಯೂಟರು ಕೂರಿಸಿದ ದಿನ ಹೇಗಿತ್ತೋ ಹಾಗೇ ಇದೆ, ಅಕ್ಕನ ಫೈಲಿಲ್ಲ! ರುದ್ರಪ್ಪನವರು ಓಡಿ ಬಂದರು.

“ಟಿಕ್ ಹಾಕಿದ್ರಾ ಮೇಡಂ?”

“ಹಾಕಿದೆ.”

“ಹೊರಗಡೆ ಒಂದು ಕಾಪಿ ಇಟ್ಟಿದ್ರಾ?”

“ಒಳಗೇ ಸೇಫ್ ಅಂತ…”

ಅವರು ಕಾಫಿ ಕುಡಿಯದೆ ಎದ್ದು ಹೋದರು. ಯಜಮಾನರು ತಮಾಷೆ ಮಾಡಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು!

ನೆನಪಿನಿಂದ ಬರೆಯಲು ಕೂತೆ. ಅಕ್ಕನ ಮಾತು ಅವಳು ಹೇಳಿದ ಹಾಗೆ ಬರಲಿಲ್ಲ, ನನ್ನ ಕಾಂಪೊಸಿಷನ್ನೇ ಬಂತು. ಬರೆದೆ, ಹರಿದೆ. ಮತ್ತೊಮ್ಮೆ ಹೇಳಕ್ಕಾ ಅನ್ನುವ ಧೈರ್ಯ ಬರುವಷ್ಟರಲ್ಲಿ ಅಕ್ಕನ ಮಗ ನಂಜುಂಡನ ಫೋನು ಬಂತು. “ಚಿಕ್ಕಮ್ಮ, ಅವ್ವ ಹಾಸ್ಗೆ ಹಿಡಿದ್‌ಬಿಟ್ಟವ್ಳೆ. ಪುಸ್ತಕ ಎಲ್ಲಿ ಅಂತ ಕೇಳ್ತಾವ್ಳೆ.”

ಎಲೊಕ್ಯೂಶನ್ ಚಾಂಪಿಯನ್ ಏನು ಮಾಡಿದಳು ಗೊತ್ತೇ? ಒಂದು ಚೆಂದದ ಫೈಲಿಗೆ ನಲವತ್ತು ಬಿಳೀ ಹಾಳೆ ತುಂಬಿಕೊಂಡು ಹೊರಟಳು. ಅಕ್ಕನಿಗೆ ಓದು ಬಾರದು. ನನ್ನ ಕಾಂಪೊಸಿಷನ್ನನ್ನೇ ಬಾಯಿಪಾಠ ಒಪ್ಪಿಸಿದರೆ ಯಾರಿಗೆ ತಿಳಿಯುತ್ತೆ? ವಾಟ್ ಎ ಪ್ಲಾನ್!

ಮಂಚದ ಪಕ್ಕ ಕೂತು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. “ಬಾಲ್ಯದಲ್ಲಿ ನಾನು ಪಶುಪಾಲನೆಯ ಕಾಯಕದಲ್ಲಿ ನಿರತಳಾಗಿದ್ದು…”

“ನಾನ್ ಹಂಗಂದಿಲ್ವಲ್ಲೇ?”

“ಅದು… ಎಡಿಟಿಂಗ್, ಅಕ್ಕ.”

ಅಕ್ಕ ಕೈ ಚಾಚಿ ಹಾಳೆಯ ಅಂಚನ್ನು ತನ್ನ ಕಡೆ ಬಾಗಿಸಿ ನೋಡಿದಳು. ತುಂಬಾ ಹೊತ್ತು ನೋಡಿದಳು.

“ಓದಕ್ ಬರ್ದಿದ್ರೆ ಬಿಳೀದೂ ಕಾಣಾಕಿಲ್ವೇನೇ ಸಾವಿತ್ರಿ?”

ನಾನು ಫೈಲು ಮುಚ್ಚಲು ಹೋದೆ.

“ಇರ್ಲಿ ಬುಡು,” ಅಂತ ಅಕ್ಕ ಹಾಳೆಯನ್ನು ನನ್ನ ಕಡೆ ತಳ್ಳಿ ಕಣ್ಣು ಮುಚ್ಚಿದಳು. “ಓದು. ಕೇಳ್ತಾ ಇದೀನಿ.”

ನಾನು ಅಕ್ಕನನ್ನು ಕೊನೆಯ ಸಲ ನೋಡಿದ್ದು ಅವತ್ತೇ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಓದುತ್ತಿದ್ದೆ. ಮಧ್ಯೆ ಮಧ್ಯೆ, ನಾಚಿಕೆಯಿಲ್ಲದವಳು, ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟವನ್ನೂ ತಿರುವುತ್ತಿದ್ದೆ!